ಒಂದು ಲೋಟ ಸೋರೆಕಾಯಿ ರಸ

ನನಗೊಂದು ಚಟವಿದೆ. ಸೌತೆಕಾಯಿಯೋ ಹೀರೆಕಾಯಿಯೋ ಸೋರೆಕಾಯಿಯೋ, ಯಾವುದೇ ಇರಲಿ, ಕೊಯ್ದ ಕೂಡಲೇ ಉಗುರಿನಷ್ಟು ಚೂರನ್ನು ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಅತ್ತಿತ್ತ ಹೊರಳಿಸಿ ನೋಡದೆ ಮುಂದಕ್ಕೆ ಹೋಗುವವನಲ್ಲ. ಮೊನ್ನೆ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟಕ್ಕೆ ಕುಳಿತಾಗ ಹಿಂದಿ ಮಾಸ್ತರರು ತಂದ ಸೌತೆಕಾಯಿಗೂ ಇದೇ ಪರೀಕ್ಷೆ ಮಾಡಿದೆ.

"ಏನ್ರೀ ಸರ್, ವಿಷ ಗಿಷ ಹಾಕೀನೇನು ಅಂತ ನೋಡಾಕತ್ತೀರೇನು?" ಎಂದು ಅವರು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆ, ಆದರೆ ನನ್ನ ನಗು ಉಳಿದವರದಕ್ಕಿಂತ ತುಸು ತಡವಾಗಿ ಬಂತು. ಅದು ಯಾಕೆ ತಡವಾಯಿತೆಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಮೂಲತಃ ಇದು ನಮ್ಮವ್ವನ ಚಟ. ನಮ್ಮೂರು ಗೊರೇಬಾಳದಲ್ಲಿ ಅವ್ವ ಭತ್ತದ ನಾಟಿ ಕೆಲಸಕ್ಕೆ ಹೋಗುತ್ತಿದ್ದಳು. ಬದುವಿನ ಮೇಲೆ ಬೆಳೆದ ಸೌತೆಕಾಯಿಗಳನ್ನು ಸೀರೆಯ ಮಡಿಲಲ್ಲಿ ಕಟ್ಟಿಕೊಂಡು ಬಂದರೆ ನಾವು ಮಕ್ಕಳು ಮುಗಿಬೀಳುತ್ತಿದ್ದೆವು. ಆಕೆ ಮಾತ್ರ ಕೊಡುತ್ತಿರಲಿಲ್ಲ. ತೊಟ್ಟಿನ ಕಡೆ ಒಂದು ಬಿಲ್ಲೆ ಕೊಯ್ದು, ಅದೇ ಬಿಲ್ಲೆಯಿಂದ ಕಾಯಿಯ ಮುಖವನ್ನು ನೊರೆ ಬರುವ ತನಕ ಉಜ್ಜಿ, ಆ ನೊರೆಯನ್ನು ಒಗೆದು, ಒಂದು ಚೂರು ತಾನು ತಿಂದು ನೋಡಿ, ಆಮೇಲೆ ಖಾರ ಉಪ್ಪು ಸವರಿ ನಮಗೆ. ಕಹಿ ಇದ್ದರೆ "ಥೂ" ಎಂದು ಉಗಿದು ಇಡೀ ಕಾಯಿಯನ್ನು ತಿಪ್ಪೆಗೆ ಬೀಸುತ್ತಿದ್ದಳು. ಮುಂದೆ ನಾನು ಬಿ.ಎಸ್ಸಿ. ಓದುವಾಗ, ಹೀಗೆ ನೊರೆ ತೆಗೆದರೆ ಕಹಿ ಹೋಗುತ್ತದೆಂಬುದಕ್ಕೆ ಬುಡವಿಲ್ಲವೆಂದು ಅವ್ವನಿಗೆ ಪಾಠ ಮಾಡಿದ್ದೆ. ನೊರೆಯ ವಿಷಯದಲ್ಲಿ ನನ್ನ ಮಾತು ಸರಿಯಿತ್ತೇನೋ. ಆದರೆ ಆ ನೊರೆಯ ಜೊತೆಗೇ, ತಿಂದು ನೋಡಿ ಕೊಡುವ ಅವ್ವನ ನಾಲಿಗೆಯನ್ನೂ ತೆಗೆದು ಹಾಕಿಬಿಟ್ಟೆ.

ಇನ್ನು ಹಣ್ಣಿನ ರಸ ಎಂಬುದು ನಮ್ಮ ಕಡೆ ಬಹಳ ಕಾಲ ಕಾಯಿಲೆಯವರ ಸೊತ್ತಾಗಿತ್ತು. ಬಸ್ಸಿನಲ್ಲಿ ಯಾರದಾದರೂ ಕೈಯಲ್ಲಿ ಮೋಸಂಬಿಯ ಚೀಲ ಕಂಡರೆ ಪಕ್ಕದವರು ಕೇಳುತ್ತಿದ್ದುದೇ "ಯಾರಿಗೆ ಆರಾಮಿಲ್ರೀ?" ಎಂದು. ಎಂಟನೆಯ ತರಗತಿಯಲ್ಲಿ ನನಗೆ ಟೈಫಾಯಿಡ್ ಆದಾಗ ಸಿಂಧನೂರಿನಿಂದ ಮೋಸಂಬಿ ಬಂದವು. ಅವ್ವ ಹಿಂಡಿ ಕೊಟ್ಟ ಆ ಅರ್ಧ ಲೋಟ ರಸದ ರುಚಿಗೆ ಜ್ವರ ಇನ್ನೆರಡು ದಿನ ಇರಲೆಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಆರೋಗ್ಯವಂತರೂ ದುಡ್ಡು ಕೊಟ್ಟು ರಸ ಕುಡಿಯುತ್ತಾರೆ ಎಂಬುದು ಕೆಲಸ ಸಿಕ್ಕ ಮೇಲೆ ತಿಳಿದದ್ದು.

ಈಗ ನಾನು ಮಸ್ಕಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಹೆಂಡತಿ ಸುಮಿತ್ರಾ ಅಂಗನವಾಡಿ ನಡೆಸುತ್ತಾಳೆ. ಒಬ್ಬಳೇ ಮಗಳು ರೂಪಾ ಲಿಂಗಸುಗೂರಿನ ಸರಕಾರಿ ಕಚೇರಿಯೊಂದರಲ್ಲಿ ನೌಕರಿಗಿದ್ದಾಳೆ. ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಬರುತ್ತಾಳೆ. ಸುಮಿತ್ರಾಳಿಗೆ ಶುಗರ್ ಇದೆ ಎಂದು ತಿಳಿದ ದಿನ ಆಕೆ ಅಂಜಲಿಲ್ಲ, ನಾನು ಅಂಜಿದೆ. ಅಂಜಿದ ಗಂಡಸು ಏನು ಮಾಡುತ್ತಾನೆ? ಮೊಬೈಲ್ ತೆಗೆದು ವಿಡಿಯೋ ನೋಡುತ್ತಾನೆ. ಹಣ್ಣಿನ ರಸ ಶುಗರಿಗೆ ಒಳ್ಳೆಯದಲ್ಲ, ತರಕಾರಿ ರಸ ಕುಡಿಯಬೇಕು, ಅದೂ ಬರಿ ಹೊಟ್ಟೆಯಲ್ಲಿ, ಅದೂ ಹೀಗೆಯೇ ತೆಗೆದದ್ದು ಎಂದು ಯಾರ್ಯಾರೋ ಹೇಳಿದ್ದನ್ನೆಲ್ಲ ಕೇಳಿ, ಒಂದು ರವಿವಾರ ಆಕೆಯನ್ನು ಸಿಂಧನೂರಿನ ಪಾತ್ರೆ ಅಂಗಡಿಗೆ ಕರೆದುಕೊಂಡು ಹೋದೆ.

ಅಂಗಡಿಯವರು ಎರಡು ಥರದ ಯಂತ್ರ ಮುಂದಿಟ್ಟರು. ಒಂದು ಗಿರ್ರನೆ ತಿರುಗಿ ಕ್ಷಣದಲ್ಲಿ ರಸ ಉಗುಳುವುದು. ಅದರ ಸದ್ದಿಗೆ ಪಕ್ಕದ ಅಂಗಡಿಯವರೂ ಇಣುಕಿದರು. ಇನ್ನೊಂದು ನಿಧಾನವಾಗಿ, ಎತ್ತಿನ ಗಾಣದಂತೆ ತಿರುಗಿ ಹಿಂಡುವುದು. ಅಂಗಡಿಯವರು ಗಜ್ಜರಿಯನ್ನು ಎರಡರಲ್ಲೂ ಹಾಕಿ ತೋರಿಸಿದರು. ಮೊದಲನೆಯದರಲ್ಲಿ ನೊರೆ ಹೆಚ್ಚು, ಹಿಪ್ಪೆ ಒದ್ದೆ. ಎರಡನೆಯದರಲ್ಲಿ ರಸ ಗಟ್ಟಿ, ಹಿಪ್ಪೆ ಒಣಕಲು.

"ಸಾರ್, ಇದು ಸ್ಲೋ ಐತಿ, ಆದ್ರ ಸತ್ವ ಪೂರಾ ಬರ್ತೈತಿ. ತೀಸ್ಕೋಂಡಿ, ತಗೋರಿ ಸಾರ್, ಮೇಡಮ್ಮೋರ ಹೆಲ್ತಿಗೆ ಇದೇ ಬೆಸ್ಟು," ಎಂದರು.

ಸುಮಿತ್ರಾ ಅಷ್ಟು ಹೊತ್ತೂ ರಸವನ್ನು ನೋಡಿರಲಿಲ್ಲ. ಯಂತ್ರವನ್ನು ಬಿಚ್ಚಿಸಿ ಅದರ ಭಾಗಗಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಕೊಳವೆ, ಮುಚ್ಚಳ, ತಿರುಪು, ಜರಡಿ, ಬಟ್ಟಲು, ಬುಡದ ರಬ್ಬರು. ಜರಡಿಯನ್ನು ಬೆಳಕಿಗೆ ಹಿಡಿದು ಅದರ ಸಣ್ಣ ತೂತುಗಳನ್ನು ನೋಡಿದಳು.

"ಇದನ್ನ ತೊಳಿಯೋರು ಯಾರು?" ಎಂದು ಕೇಳಿದಳು.

ಯಂತ್ರ ಆರಿಸುವಾಗ ಕೇಳಬೇಕಾದ ಸರಿಯಾದ ಪ್ರಶ್ನೆ ಅದೊಂದೇ ಎಂದು ನನಗೆ ಈಗ ಅನಿಸುತ್ತದೆ. ಆದರೆ ಆವತ್ತು ಅಂಗಡಿಯವರ ಎದುರು ನನಗೆ ಹುರುಪು ಬಂದಿತ್ತು. "ನಾ ತೊಳಿತೀನಿ. ಹೆಚ್ಚೂದು, ಹಿಂಡೂದು, ತೊಳಿಯೂದು ಎಲ್ಲಾ ನಂದ. ನೀ ಕುಂತು ಕುಡಿ, ಅಷ್ಟ," ಎಂದೆ. ಆಕೆ ನನ್ನ ಮುಖ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ನಾನು ಅಡುಗೆಮನೆಗೆ ಹೋದದ್ದು ನೀರು ಕುಡಿಯಲು ಮತ್ತು ಉಪ್ಪಿನಕಾಯಿ ಹುಡುಕಲು.

ನಂಬುತ್ತೀರೋ ಇಲ್ಲವೋ, ಮಾತಿಗೆ ತಪ್ಪಲಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಗಜ್ಜರಿ ಹೆರೆದೆ, ಬೀಟ್‌ರೂಟಿನಿಂದ ಬನಿಯನ್ನು ಕೆಂಪು ಮಾಡಿಕೊಂಡೆ. ಮೊದಲ ವಾರ ಪಾಲಕ ಸೊಪ್ಪನ್ನು ದಂಟು ಸಮೇತ ತುರುಕಿ ತಿರುಪು ಸಿಕ್ಕಿಹಾಕಿಕೊಂಡಾಗ ಚಮಚದಿಂದ ಬಡಿದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಗಟ್ಟಿ ಕಾಯಿಯ ನಡುನಡುವೆ ಹಾಕಬೇಕು, ಜರಡಿಯನ್ನು ಹಿಪ್ಪೆ ಒಣಗುವ ಮೊದಲೇ ತೊಳೆಯಬೇಕು ಎಂದು ಪೆಟ್ಟು ತಿಂದು ಕಲಿತೆ. ಉಳಿದ ಹಿಪ್ಪೆಯನ್ನು ಸುಮಿತ್ರಾ ಜೋಳದ ಹಿಟ್ಟಿಗೆ ಕಲಸಿ ತಾಲಿಪೆಟ್ಟು ತಟ್ಟುತ್ತಿದ್ದಳು. ರಸಕ್ಕಿಂತ ಅದೇ ರುಚಿ ಎಂದು ನನಗನಿಸಿದರೂ ಹೇಳಲಿಲ್ಲ. ಆಕೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಬರುವ ಹೊತ್ತಿಗೆ ಸರಿಯಾಗಿ ಲೋಟ ಹಿಡಿದು ನಿಲ್ಲುತ್ತಿದ್ದೆ. ಶಾಲೆಯಲ್ಲಿ ರಸದ ಬಗ್ಗೆ ಭಾಷಣ ಮಾಡಿ ಮಾಡಿ, ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಒಬ್ಬೊಬ್ಬರೇ ಕ್ಲಾಸಿಗೆ ಎದ್ದು ಹೋಗುವ ಮಟ್ಟಿಗೆ ಶಿಸ್ತು ತಂದಿದ್ದೆ.

ಹೀಗಿರುವಾಗ ಒಂದು ರವಿವಾರ ಸಿಂಧನೂರಿನಲ್ಲಿ ನೆಂಟರ ಮದುವೆ. ನಾವು ಮೂವರೂ ಹೋಗಿ ಉಂಡು ಬಂದೆವು. ಸುಮಿತ್ರಾಳ ಅಣ್ಣ ವಳಕಮದಿನ್ನಿ ಎಂಬ ಊರಿನವರು. ಮದುವೆಗೆ ಬರುವಾಗ ನಮಗಾಗಿ ಎರಡು ಸೋರೆಕಾಯಿ ತಂದಿದ್ದರು. ಕಾಲುವೆಯ ಬದುವಿನ ಮೇಲೆ ಬೀಜ ಹಾಕದೆ ತಾನೇ ಹುಟ್ಟಿದ ಬಳ್ಳಿಯದಂತೆ. "ಮಾಸ್ತರೇ, ಒಂದು ಹನಿ ಎಣ್ಣಿ ಇಲ್ಲ, ಗೊಬ್ಬರ ಇಲ್ಲ," ಎಂದು ನನ್ನ ಕೈಗೇ ಕೊಟ್ಟರು. ಎಣ್ಣೆ ಎಂದರೆ ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧ. ಖುಷಿಯಾದೆ. ಸೋರೆಕಾಯಿ ರಸ ಶುಗರಿಗೆ ಎಷ್ಟು ಒಳ್ಳೆಯದೆಂದು ಎರಡು ದಿನದ ಹಿಂದಷ್ಟೇ ಮೊಬೈಲಿನಲ್ಲಿ ನೋಡಿದ್ದೆ. ಸಂಜೆ ರೂಪಾ ಲಿಂಗಸುಗೂರಿಗೆ ಬಸ್ಸು ಹತ್ತಿದಳು. ನಾವು ಮಸ್ಕಿಗೆ ಮರಳಿದೆವು.

ಮರುದಿನ ಬೆಳಿಗ್ಗೆ ಸೋರೆಕಾಯಿ ಹೆರೆದು, ಹೆಚ್ಚಿ, ಯಂತ್ರಕ್ಕೆ ಹಾಕಿದೆ. ತಿಳಿ ಹಸಿರು ರಸ ಎರಡು ಲೋಟ ಬಂತು. ಒಂದು ಆಕೆಗೆ, ಒಂದು ನನಗೆ. ನನ್ನ ಲೋಟದಿಂದ ಒಂದು ಗುಟುಕು ಕುಡಿದೆ. ಕಹಿ ಎಂದರೆ ಹಾಗಲಕಾಯಿಯ ಕಹಿಯಲ್ಲ. ಗಂಟಲಿನ ಬುಡಕ್ಕೆ ಕೊಕ್ಕೆ ಹಾಕಿ ಎಳೆದಂಥ ಕಹಿ. ಸಿಂಕಿನಲ್ಲಿ ಉಗಿದೆ. ಬಾಯಿ ಮುಕ್ಕಳಿಸಿದೆ. ಉಳಿದ ರಸವನ್ನೂ ಸಿಂಕಿಗೇ ಸುರಿದೆ.

ಮುಂದಿನದನ್ನು ಹೇಳಲು ಈಗಲೂ ಕಷ್ಟ. ಆಕೆಯ ಲೋಟವನ್ನು ನಾನು ಸುರಿಯಲಿಲ್ಲ. ನನಗೆ ಶುಗರ್ ಇಲ್ಲ, ನನಗೆ ಬೇಡ. ಆಕೆಗೆ ಶುಗರ್ ಇದೆ, ಆಕೆಗೆ ಇದು ಔಷಧ. ಕಹಿ ಇದ್ದಷ್ಟೂ ಶುಗರಿಗೆ ಒಳ್ಳೆಯದು. ಹೀಗೆ ಲೆಕ್ಕ ಹಾಕಿದೆ. ಪ್ರಾಣಿಗಳು ತಿನ್ನದಿರಲೆಂದು ಗಿಡಗಳು ತಮ್ಮೊಳಗೆ ಕಹಿ ತುಂಬಿಕೊಳ್ಳುತ್ತವೆ ಎಂದು ಒಂಬತ್ತನೆಯ ತರಗತಿಗೆ ವರ್ಷ ವರ್ಷವೂ ಹೇಳುವ ಮನುಷ್ಯ, ಆ ಲೋಟವನ್ನು ಹಿಡಿದುಕೊಂಡು ಹೊರಗೆ ಬಂದೆ.

ಸುಮಿತ್ರಾ ಒಂದು ಗುಟುಕು ಕುಡಿದು ತಡೆದಳು. ನನ್ನ ಮುಖ ನೋಡಿದಳು. ಆಕೆ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಕಹಿ ಇದ್ರ ಛಲೋ. ಶುಗರಿಗೆ ಕಹೀನ ಔಷಧ. ಒಂದ ದಮ್ಮಿಗೆ ಕುಡಿ."

ಆಕೆ ಕಣ್ಣು ಮುಚ್ಚಿ ಒಂದೇ ದಮ್ಮಿಗೆ ಕುಡಿದಳು. ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟಳು.

ಅರ್ಧ ಗಂಟೆ ಆಗಿರಲಿಲ್ಲ. ನಾನು ಜರಡಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಬಚ್ಚಲಿನಿಂದ ವಾಂತಿಯ ಸದ್ದು ಕೇಳಿತು. ಮದುವೆ ಊಟ ಜೀರ್ಣವಾಗಿಲ್ಲವೇನೋ ಎಂದುಕೊಂಡೆ. ಎರಡನೆಯ ಸಲ, ಮೂರನೆಯ ಸಲ. ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಆಮೇಲೆ ಭೇದಿ. ನೀರು ಕೊಟ್ಟರೆ ನೀರೂ ಹೊರಗೆ. ಐದನೆಯ ಸಲ ವಾಂತಿಯಲ್ಲಿ ಕೆಂಪು ಕಂಡಿತು. ಬೀಟ್‌ರೂಟು ಎಂದು ನನ್ನ ಮನಸ್ಸು ಹೇಳಿತು. ಆದರೆ ಬೀಟ್‌ರೂಟು ಮಾಡಿ ನಾಲ್ಕು ದಿನವಾಗಿತ್ತು.

"ಕಣ್ಣು ಕತ್ತಲಿ ಬರಾಕತ್ತೈತ್ರೀ," ಎಂದಳು. ಕೈ ಮುಟ್ಟಿದರೆ ಬೆವರು, ಐಸಿನಂತೆ ತಣ್ಣಗೆ.

ನಮ್ಮ ಪಕ್ಕದ ಮನೆಯವರು ಖಾಜಾಸಾಬ್, ಬಾಡಿಗೆಗೆ ಕಾರು ಓಡಿಸುತ್ತಾರೆ. ನಾನು ಗೇಟಿನಲ್ಲಿ ನಿಂತು ಕೂಗಿದ ದನಿ ಕೇಳಿಯೇ ಅವರು ಚಹಾ ಬಿಟ್ಟು ಎದ್ದು ಬಂದರು. ಇಬ್ಬರೂ ಹಿಡಿದು ಕಾರಿನಲ್ಲಿ ಮಲಗಿಸಿ ಮಸ್ಕಿಯ ಆಸ್ಪತ್ರೆಗೆ ಒಯ್ದೆವು. ನರ್ಸ್ ಬಿಪಿ ನೋಡಿ, ಮತ್ತೊಮ್ಮೆ ನೋಡಿ, ಡಾಕ್ಟರನ್ನು ಕರೆದರು. ಅವರು ಬಂದವರೇ ಸಲೈನ್ ಹಚ್ಚಿಸಿ ನನ್ನ ಕಡೆ ತಿರುಗಿದರು.

"ಏನ್ ತಿಂದಿದ್ರು?"

ಜ್ಯೂಸು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು. ಆ ಮಾತಿನ ಹಿಂದೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದರ ಹಿಂದೆ ಸಿಂಕು ಬರುತ್ತದೆ ಎಂದು ನನಗೆ ಗೊತ್ತಿತ್ತು.

"ನಿನ್ನಿ ಮದುವಿ ಮನ್ಯಾಗ ಉಂಡಿದ್ವಿ," ಎಂದೆ.

ಅದು ಸುಳ್ಳಲ್ಲ. ಉಂಡಿದ್ದೆವು. ಡಾಕ್ಟರು ತಲೆಯಾಡಿಸಿ ಫುಡ್ ಪಾಯಿಸನ್ ಎಂದು ಚೀಟಿಯಲ್ಲಿ ಬರೆದರು. "ಬಿಪಿ ಭಾಳ ಬಿದ್ದೈತ್ರಿ. ಶುಗರ್ ಬ್ಯಾರೆ ಐತಿ. ಇಲ್ಲಿ ಇಟ್ಕೊಳ್ಳೂದು ಬ್ಯಾಡ. ಆಂಬುಲೆನ್ಸ್ ಒಂದು ಹೆರಿಗಿ ಕೇಸಿಗೆ ಹೋಗ್ಯಾದ. ಬರೂತನಕ ಕಾಯಬ್ಯಾಡ್ರಿ, ಇದ್ದ ಗಾಡ್ಯಾಗ ಹೋಗ್ರಿ," ಎಂದರು.

ಮಸ್ಕಿಯಲ್ಲಿ ಇರುವವರಿಗೆ ಇದೊಂದು ಸಂಕಟ. ಈ ಕಡೆ ಲಿಂಗಸುಗೂರು, ಆ ಕಡೆ ಸಿಂಧನೂರು, ಎರಡೂ ಹೆಚ್ಚುಕಡಿಮೆ ಅಷ್ಟಷ್ಟೇ ದೂರ. ಸೀರೆಗೆ, ಸಾಮಾನಿಗೆ ಎಲ್ಲಿಗೆ ಹೋಗಬೇಕೆಂದು ನಾವು ವಾರಗಟ್ಟಲೆ ಚರ್ಚೆ ಮಾಡುತ್ತೇವೆ. ಆವತ್ತು ರಸ್ತೆಯಲ್ಲಿ ನಿಂತು ನಾನು ಎರಡೂ ಕಡೆ ನೋಡಿದೆ. ಲಿಂಗಸುಗೂರಿನಲ್ಲಿ ಮಗಳಿದ್ದಾಳೆ. ಆಕೆಯ ಮುಖ ನೋಡಿದರೆ ನನಗೆ ಧೈರ್ಯ ಬರುತ್ತದೆ. ಆಕೆಯ ಮುಖ ನೋಡುವ ಧೈರ್ಯವೂ ನನಗಿರಲಿಲ್ಲ.

"ಮಾಸ್ಟರ್‌ಸಾಬ್, ಜಲ್ದಿ ಹೇಳ್ರಿ. ಯಾ ಕಡಿ?" ಎಂದರು ಖಾಜಾಸಾಬ್. ನಾನಿನ್ನೂ ಎರಡೂ ಕಡೆ ನೋಡುತ್ತಲೇ ಇದ್ದೆ. ಅವರೇ ಸ್ಟಿಯರಿಂಗ್ ತಿರುಗಿಸಿದರು. "ಸಿಂಧನೂರ ಹೋಗಾಮ. ದವಾಖಾನಿ ದೊಡ್ಡುವು ಅದಾವು."

ನಾನು ಹಿಂದಿನ ಸೀಟಿನಲ್ಲಿ ಸುಮಿತ್ರಾಳ ತಲೆ ತೊಡೆಯ ಮೇಲಿಟ್ಟುಕೊಂಡು ಸಲೈನ್ ಬಾಟಲಿಯನ್ನು ಮೇಲಕ್ಕೆತ್ತಿ ಹಿಡಿದಿದ್ದೆ. ಮಗಳಿಗೆ ಫೋನು ಮಾಡಿದೆ. "ಮದುವಿ ಊಟ ಹಿಡಿದಿಲ್ಲ ಕಾಣ್ತದ" ಎಂದು ಆಕೆಗೂ ಅದನ್ನೇ ಹೇಳಿದೆ. ಸುಳ್ಳು ಎರಡನೆಯ ಸಲ ಸಲೀಸಾಗಿ ಬಂತು.

ಅದು ಭತ್ತದ ಕೊಯ್ಲಿನ ಕಾಲ. ಹೈವೇಯ ಒಂದು ಮಗ್ಗುಲಿಗೆ ಉದ್ದಕ್ಕೂ ಭತ್ತ ಒಣಗಲು ಹರವಿದ್ದರು. ಭತ್ತದ ಅಂಚಿಗೆ ಕಲ್ಲುಗಳ ಸಾಲು. ಉಳಿದ ಅರ್ಧ ರಸ್ತೆಯಲ್ಲಿ ನಮ್ಮ ಮುಂದೆ ಒಂದು ಭತ್ತ ಕೊಯ್ಯುವ ಮಶೀನು, ಏಡಿಯಂತೆ ಅಗಲಕ್ಕೆ ಚಾಚಿಕೊಂಡು, ತನ್ನ ಪಾಡಿಗೆ ತಾನು ತೆವಳುತ್ತಿತ್ತು. ಎದುರಿನಿಂದ ಲಾರಿಗಳು ಬಿಡುವಿಲ್ಲದೆ ಬರುತ್ತಿದ್ದವು. ಖಾಜಾಸಾಬ್ ಹಾರನ್ನಿನ ಮೇಲಿನ ಕೈ ತೆಗೆಯಲಿಲ್ಲ. ಮಶೀನಿನ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು?

"ಸುಮಿ," ಎಂದು ಕರೆದೆ. ಆಕೆ ಕಣ್ಣು ತೆರೆಯಲಿಲ್ಲ. ಗಟ್ಟಿಯಾಗಿ ಕರೆದೆ. ರೆಪ್ಪೆ ತುಸು ಅಲುಗಿತು, ಅಷ್ಟೆ.

"ಭತ್ತದ ಮ್ಯಾಲೆ ಹೊಡೀರಿ," ಎಂದೆ.

"ಕಲ್ಲದಾವ್ರೀ, ಮಾಸ್ಟರ್‌ಸಾಬ್."

ಭತ್ತ ಕಾಯುತ್ತಿದ್ದ ಹೆಂಗಸೊಬ್ಬಳು ನಮ್ಮ ಕಾರು ಅಂಚಿಗೆ ಸರಿದದ್ದು ನೋಡಿ ಪೊರಕೆ ಎತ್ತಿಕೊಂಡು ಬಂದಳು. "ಕಣ್ಣ ಕಾಣ್ಸಂಗಿಲ್ಲೇನು? ಯಾರ ಭತ್ತ ಅಂತ ತಿಳದೀರಿ?" ಎಂದು ಕೂಗುತ್ತಲೇ ಕಿಟಕಿಗೆ ಬಂದವಳು, ಒಳಗೆ ನೋಡಿ ಬಾಯಿ ಮುಚ್ಚಿದಳು. ನನ್ನ ಕೈಯಲ್ಲಿನ ಬಾಟಲಿ ನೋಡಿದಳು. ಪೊರಕೆ ಒಗೆದು ಬಗ್ಗಿ, ಎರಡೂ ಕೈಯಿಂದ ಕಲ್ಲುಗಳನ್ನು ಎತ್ತಿ ಬದಿಗೆ ಹಾಕತೊಡಗಿದಳು. "ಹೋಗ್ರಿ, ಹೋಗ್ರಿ! ಭತ್ತ ಹಾಳಾಗ್ಲಿ, ತುಳಕೊಂಡು ಹೋಗ್ರಿ! ಯವ್ವಾ, ಪಾಪ, ಮಾರಿ ಹ್ಯಾಂಗ ಬಿಳುಚ್ಯಾದ!" ಎಂದು ಆಕೆಯೇ ಮುಂದೆ ಓಡಿ ದಾರಿ ಮಾಡಿದಳು. ಚಕ್ರದಡಿ ಭತ್ತ ಕರಕರ ಎಂದಿತು. ಮಶೀನನ್ನು ದಾಟಿ ರಸ್ತೆಗೆ ಬಿದ್ದೆವು. ಆಕೆಯ ಹೆಸರು ನಾನು ಕೇಳಲಿಲ್ಲ. ಆ ರಸ್ತೆಯಲ್ಲಿ ಭತ್ತ ಹರವಿದ್ದನ್ನು ಕಂಡಾಗಲೆಲ್ಲ ಕಿಟಕಿಯಿಂದ ಆಕೆಯನ್ನು ಹುಡುಕುತ್ತೇನೆ.

ಸಿಂಧನೂರಿನ ಆಸ್ಪತ್ರೆಯಲ್ಲಿ ಸುಮಿತ್ರಾಳನ್ನು ಸ್ಟ್ರೆಚರಿನ ಮೇಲೆ ಒಳಗೆ ಒಯ್ದರು. ಬಾಗಿಲು ಮುಚ್ಚಿತು. ನನ್ನ ಅಂಗಿಯ ಮೇಲೆ ಆಕೆಯ ವಾಂತಿ ಒಣಗುತ್ತಿತ್ತು. ಅದರ ವಾಸನೆಯಲ್ಲೂ ಆ ಕಹಿ ಇತ್ತು. ಖಾಜಾಸಾಬ್ ಎಲ್ಲಿಂದಲೋ ನೀರು ತಂದುಕೊಟ್ಟು, "ಫಿಕರ್ ಮಾಡಬ್ಯಾಡ್ರಿ" ಎನ್ನುತ್ತ ತಾವೇ ಕಾರಿಡಾರಿನಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದರು.

ರೂಪಾ ಬಂದಳು. ಬಸ್ಸಿನಿಂದ ಇಳಿದು ಓಡಿ ಬಂದವಳಿಗೆ ಏದುಸಿರು. "ಅವ್ವ ಹ್ಯಾಂಗ ಅದಾಳ?" ಎಂದವಳೇ ಉತ್ತರಕ್ಕೂ ಕಾಯದೆ ಹೇಳಿದಳು: "ಅಪ್ಪಾ, ನಾ ಬಸ್ಸಿನ್ಯಾಗ ಕುಂತು ಮದುವಿ ಮನಿಯವ್ರಿಗೆಲ್ಲಾ ಫೋನ್ ಮಾಡೀನಿ. ಯಾರಿಗೂ ಏನೂ ಆಗಿಲ್ಲ. ನಾನೂ ಅದ ಪಂಕ್ತ್ಯಾಗ ಕುಂತು ಉಂಡೀನಿ, ಅವ್ವನ ಬಾಜೂಕ. ನಾ ಆರಾಮ ಅದೀನಿ. ಪಾಪ, ಅಡಿಗಿಯವ್ರು ಹೆದರಿ ಅಳಾಕತ್ತಾರ."

ನನ್ನ ಸುಳ್ಳು ಆಗಲೇ ಸಿಂಧನೂರಿನ ಅಡುಗೆಯವರ ಮನೆ ತನಕ ಹೋಗಿ ಯಾರನ್ನೋ ಅಳಿಸುತ್ತಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಡಾಕ್ಟರಮ್ಮ ಹೊರಗೆ ಬಂದರು. ವಯಸ್ಸು ನನ್ನ ಮಗಳಿಗಿಂತ ಹೆಚ್ಚಿರಲಿಕ್ಕಿಲ್ಲ. "ಚೀಟಿಯೊಳಗ ಮದುವಿ ಊಟ ಅಂತ ಬರದಾರ. ಅದು ನಿನ್ನಿ ಮಧ್ಯಾಹ್ನದ್ದು. ಇಷ್ಟು ತಡಾ ಆಗಿ, ಇಷ್ಟು ಜೋರಾಗಿ, ರಕ್ತ ವಾಂತಿ... ನನಗ ಹೊಂದಾಕತ್ತಿಲ್ಲ. ಇವತ್ತ ಮುಂಜಾನಿ ಏನರ ತಗೊಂಡಾರೇನು? ಎಣ್ಣಿ ಗಿಣ್ಣಿ? ಮನ್ಯಾಗ ಜಗಳ ಆಗಿತ್ತೇನು?"

ಎಣ್ಣೆ ಎಂದಾಗ ರೂಪಾ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಬೆಳೆದ ಮಗಳು ತಂದೆಯನ್ನು ಹಾಗೆ ನೋಡಬಾರದು. ನೋಡುವ ಹಾಗೆ ನಾನೇ ಮಾಡಿದ್ದೆ.

"ಜ್ಯೂಸ್," ಎಂದೆ. "ಸೋರೆಕಾಯಿ ಜ್ಯೂಸ್. ನಾನ ಮಾಡಿ ಕೊಟ್ಟೆ."

ಡಾಕ್ಟರಮ್ಮ ತಟ್ಟನೆ ತಲೆಯೆತ್ತಿದರು. "ಕಹಿ ಇತ್ತೇನು?"

"ಇತ್ತು."

"ನಿಮಗ ಹ್ಯಾಂಗ ಗೊತ್ತು? ನೀವೂ ಕುಡಿದ್ರೇನು?"

"ಒಂದು ಗುಟುಕು. ಉಗುಳಿ ಚೆಲ್ಲಿದೆ."

"ನೀವು ಚೆಲ್ಲಿ, ಅವ್ರಿಗೆ ಕೊಟ್ರೇನು?"

ಅವರು ಬೈಯುವ ದನಿಯಲ್ಲಿ ಕೇಳಲಿಲ್ಲ. ಬರೆದುಕೊಳ್ಳುವುದಕ್ಕಾಗಿ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. "ಸೋರೆಕಾಯಿ ಕಹಿ ಇದ್ರ ಅದು ವಿಷ ಇದ್ದಂಗರೀ. ಮೊದಲ ಹೇಳಿದ್ರ ನಮಗ ದಾರಿ ಸಿಗ್ತಿತ್ತು," ಎಂದು ಹೇಳಿ ಒಳಗೆ ಹೋದರು. ಖಾಜಾಸಾಬ್ ನೆಲ ನೋಡುತ್ತ ನಿಂತರು. ರೂಪಾ ನನ್ನಿಂದ ಎರಡು ಕುರ್ಚಿ ಬಿಟ್ಟು ಕುಳಿತಳು. ಮಧ್ಯಾಹ್ನದ ತನಕ ನಮ್ಮ ನಡುವಿನ ಆ ಎರಡು ಕುರ್ಚಿ ಖಾಲಿಯೇ ಇದ್ದವು. ನಾನು ಒಮ್ಮೆ ಎದ್ದು ಹೊರಗೆ ಹೋಗಿ ಮದುವೆ ಮನೆಗೆ ಫೋನು ಮಾಡಿ, ಅಡುಗೆಯವರದು ಏನೂ ತಪ್ಪಿಲ್ಲವೆಂದೂ ತಪ್ಪು ನನ್ನದೆಂದೂ ಹೇಳಿದೆ. ಅದೊಂದು ಫೋನು ಮಾಡಲು ಮೂರು ಸಲ ನಂಬರು ಒತ್ತಿ ಮೂರು ಸಲ ಕಟ್ ಮಾಡಿದ್ದೆ.

ಮೂರು ಗಂಟೆಯ ಹೊತ್ತಿಗೆ ಬಿಪಿ ಹಿಡಿತಕ್ಕೆ ಬಂತೆಂದರು. ಆದರೂ ಇನ್ನೊಂದು ದಿನ ಏನೂ ಹೇಳಲಾಗದು, ಕಿಡ್ನಿ, ಲಿವರ್ ನೋಡಬೇಕೆಂದರು. ಆ ಒಂದು ದಿನ ಹೇಗೆ ಕಳೆಯಿತೆಂದು ಬರೆಯಲಾರೆ. ಮರುದಿನ ರಿಪೋರ್ಟ್ ಬಂದಾಗ ಡಾಕ್ಟರಮ್ಮ ಮೊದಲ ಸಲ ನಕ್ಕು, "ಅಪಾಯ ಇಲ್ಲ. ಹೋಗಿ ಮಾತಾಡಸ್ರಿ," ಎಂದರು. ರೂಪಾ ಎದ್ದಳು. ನಾನು ಕುಳಿತೇ ಇದ್ದೆ. ಆಕೆ ಬಾಗಿಲ ತನಕ ಹೋದವಳು ತಿರುಗಿ ನಿಂತು, "ನೀ ಹೋಗಪ್ಪಾ ಮೊದಲು," ಎಂದಳು. ಒಂದು ದಿನದ ಮೇಲೆ ನನ್ನ ಮಗಳು ನನಗೆ ಆಡಿದ ಮೊದಲ ಮಾತು ಅದು.

ಸುಮಿತ್ರಾ ಒಣಗಿದ ತುಟಿಗಳಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು, ಮೊದಲಿಗಿಂತ ಸಣ್ಣವಳಾಗಿ ಕಂಡಳು. ನಾನು ಸ್ಟೂಲಿನ ಮೇಲೆ ಕುಳಿತು, ಹೇಳಬೇಕಾದ್ದನ್ನು ಒಮ್ಮೆಲೇ ಹೇಳಿದೆ. "ನಾನೂ ಕುಡಿದು ನೋಡಿದ್ದೆ, ಸುಮಿ. ಭಾಳ ಕಹಿ ಇತ್ತು. ನಂದು ಸಿಂಕಿಗೆ ಚೆಲ್ಲಿದೆ. ನಿಂದು ನಿನಗ ತಂದು ಕೊಟ್ಟೆ."

ಆಕೆ ಸೂರಿನ ಫ್ಯಾನಿನ ಕಡೆ ಕಣ್ಣು ತಿರುಗಿಸಿದಳು.

"ಗೊತ್ತು," ಎಂದಳು. "ನೀವು ಉಗುಳಿದ್ದು ಕೇಳಿಸ್ತು."

"ಮತ್ತ ಯಾಕ ಕುಡಿದಿ? ಒಲ್ಲೆ ಅನಬೇಕಿಲ್ಲ?"

"ಇಪ್ಪತ್ತಾರು ವರ್ಷದಾಗ ನೀವು ನನಗಂತ ಎದ್ದು ಏನರ ಮಾಡಿ ಕೊಡಾಕತ್ತಿದ್ದು ಈಗೀಗ. ಕಹಿ ಐತಿ ಅಂದ್ರ ಮನಸಿಗೆ ಹಚ್ಕೊಂಡು ನಾಳಿಂದ ಏಳೂದ ಬಿಡ್ತೀರಿ ಅಂತ..." ಮಾತು ಮುಗಿಸಲು ಆಕೆಗೆ ಉಸಿರು ಸಾಲಲಿಲ್ಲ. ಕಣ್ಣು ಮುಚ್ಚಿದಳು. ನಾನು ಸೂಜಿಯಿಲ್ಲದ ಕೈಯನ್ನು ಹಿಡಿದುಕೊಂಡೆ. ಈ ಹೆಂಗಸಿನ ಜೊತೆ ಇಷ್ಟು ವರ್ಷ ಉಂಡಿದ್ದೇನೆ. ಆಕೆ ಎಷ್ಟು ಸಲ ಹೀಗೆ ಕಣ್ಣು ಮುಚ್ಚಿ ಏನೇನು ನುಂಗಿದ್ದಾಳೋ ಎಂದು ಎಣಿಸಲು ಹೋಗಿ, ಅಂಜಿ, ಬಿಟ್ಟೆ.

ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಆ ದಿನದ ವಾಂತಿಯ ರಾಡಿಯೆಲ್ಲವನ್ನೂ ಖಾಜಾಸಾಬ್ ತಮ್ಮ ಕಾರಿನಿಂದ ತಾವೇ ತೊಳೆದಿದ್ದರು, ನನ್ನನ್ನು ಹತ್ತಿರ ಬಿಡಲಿಲ್ಲ. ರೂಪಾ ರಜೆ ಹಾಕಿ ಎರಡು ದಿನ ಇದ್ದಳು. ಆಕೆ ಲಿಂಗಸುಗೂರಿಗೆ ಹೋದ ಮರುದಿನ ಬೆಳಿಗ್ಗೆ ನಾನು ಐದೂವರೆಗೆ ಎದ್ದೆ. ಮೆತ್ತಗಿನ ಅಕ್ಕಿ ಗಂಜಿ, ಸ್ವಲ್ಪ ಮಜ್ಜಿಗೆ, ಅಷ್ಟೇ ಕೊಡಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅಕ್ಕಿ ತೊಳೆದು, ಕುದಿಯಲು ಇಟ್ಟು, ಚಮಚ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಆದರೂ ಏನೋ ಯೋಚನೆಯಲ್ಲಿ ತಳ ಹತ್ತಿತು. ಮೇಲಿನದನ್ನಷ್ಟೇ ಬಟ್ಟಲಿಗೆ ಹಾಕಿ, ಮಜ್ಜಿಗೆ ಬೆರೆಸಿ, ಬಾಯಿಗೆ ಹಾಕಿ ನೋಡಿ ಪರವಾಗಿಲ್ಲವೆಂದುಕೊಂಡು ಒಯ್ದು ಕೊಟ್ಟೆ.

ಆಕೆ ಹಾಸಿಗೆಯಲ್ಲಿ ಎದ್ದು ಕುಳಿತು ಒಂದು ಚಮಚ ಬಾಯಿಗಿಟ್ಟಳು. ತಡೆದಳು. ನನ್ನ ಮುಖ ನೋಡಿದಳು. ಈ ಸಲ ನಾನು ಒಂದು ಮಾತೂ ಆಡಲಿಲ್ಲ, ಆಕೆಗೆ ಬಿಟ್ಟೆ.

ಚಮಚವನ್ನು ಬಟ್ಟಲಿಗಿಟ್ಟು, ಬಟ್ಟಲನ್ನು ನನ್ನ ಕಡೆಗೆ ಸರಿಸಿದಳು.

"ಹೊತ್ತಿದ ವಾಸನಿ ಬರಾಕತ್ತೈತಿ. ಉಪ್ಪೂ ಇಲ್ಲ. ನಾ ಉಣ್ಣಂಗಿಲ್ಲ ಇದನ್ನ."

"ಹೌದೇನು?" ಎಂದೆ.

"ಹೂಂ. ಬ್ಯಾರೆ ಮಾಡ್ಕೊಂಡು ಬರ್ರಿ."

ನಾನು ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಇನ್ನೊಂದು ಹಿಡಿ ಅಕ್ಕಿ ತೊಳೆದೆ.